ಬಿಗ್ ಡೇಟಾ ಕಾಲದಲ್ಲಿ ಸಂಸ್ಥೆ ನಡೆಸುವವರಿಗೆ: ಹಾಲಿನ ಡೇರಿಯಿಂದ ಒಂದು ಮಾರ್ಗದರ್ಶಿ

ಬೆಳಿಗ್ಗೆ ಆರೂವರೆಗೆ ಯಾವುದಾದರೂ ಹಳ್ಳಿಯ ಹಾಲಿನ ಡೇರಿ ಮುಂದೆ ನಿಂತು ನೋಡಿ. ಕ್ಯಾನು, ತಂಬಿಗೆ ಹಿಡಿದ ಜನ ಸಾಲಾಗಿ ಬರುತ್ತಾರೆ. ಹಾಲು ತೂಕವಾಗುತ್ತದೆ. ಯಂತ್ರ ಸ್ವಲ್ಪ ಹಾಲು ಹೀರಿಕೊಂಡು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಅಂಶ) ಎಷ್ಟು ಅಂತ ತೋರಿಸುತ್ತದೆ. ದರ ಲೆಕ್ಕವಾಗಿ ಚೀಟಿ ಹೊರಗೆ ಬರುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಒಂದು ಸಂಘದಲ್ಲಿ 200 ಜನ ಹಾಲು ಹಾಕುತ್ತಾರೆ ಅಂತಿಟ್ಟುಕೊಳ್ಳಿ. ದಿನಕ್ಕೆ ಎರಡು ಸಲ. ವರ್ಷಕ್ಕೆ 1,46,000 ಸಾಲು ದಾಖಲೆ. ಅಂಥ 1,000 ಸಂಘಗಳಿರುವ ಒಂದು ಹಾಲು ಒಕ್ಕೂಟಕ್ಕೆ ವರ್ಷಕ್ಕೆ 14.6 ಕೋಟಿ ಸಾಲು. ಒಂದೊಂದು ಸಾಲಿನಲ್ಲೂ ಸದಸ್ಯರ ನಂಬರು, ಸಮಯ, ಲೀಟರು, ಫ್ಯಾಟ್, ಎಸ್‌ಎನ್‌ಎಫ್, ದರ, ಹಣ ಎಂದು ಏಳು ಅಂಶ. ಒಟ್ಟು ನೂರು ಕೋಟಿ ದಾಟಿತು.

ಬಿಗ್ ಡೇಟಾ ಅಂದರೆ ಎಲ್ಲೋ ದೊಡ್ಡ ಐಟಿ ಕಂಪನಿಯ ವಿಷಯ ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಅದು ಹಳ್ಳಿಯ ಡೇರಿ ಬಾಗಿಲಲ್ಲೇ ಕೂತಿದೆ. 2001ರಲ್ಲಿ ಡಗ್ ಲೇನಿ ಎಂಬ ವಿಶ್ಲೇಷಕ ಇಂಥ ಮಾಹಿತಿಗೆ ಮೂರು ಗುರುತು ಹೇಳಿದ್ದರು: ಗಾತ್ರ, ವೇಗ, ಬಗೆ. ರಾಶಿ ಮಾಹಿತಿ ಇರಬೇಕು, ಬೇಗ ಬೇಗ ಬರುತ್ತಿರಬೇಕು, ಅಂಕಿ, ಫೋಟೋ, ಧ್ವನಿ, ಬರಹ ಎಲ್ಲ ಬೆರೆತಿರಬೇಕು. ಹಾಲು ಒಕ್ಕೂಟ, ಪತ್ತಿನ ಸಹಕಾರ ಸಂಘ, ಆಸ್ಪತ್ರೆ, ಶಾಲೆಗಳ ಟ್ರಸ್ಟ್, ಗಾರ್ಮೆಂಟ್ ಕಾರ್ಖಾನೆ, ಎಲ್ಲ ಕಡೆ ಇದೇ ಪರಿಸ್ಥಿತಿ ಈಗ.

ಈ ಲೇಖನ ಅಂಥ ಸಂಸ್ಥೆ ನಡೆಸುವವರಿಗೆ. ಅಧ್ಯಕ್ಷರು, ವ್ಯವಸ್ಥಾಪಕರು, ಟ್ರಸ್ಟಿಗಳು, ವಿಭಾಗದ ಮುಖ್ಯಸ್ಥರು ಯಾರೇ ಇರಲಿ. ಸಾಫ್ಟ್‌ವೇರ್ ಬರೆಯುವವರಿಗೆ ಬೇರೆ ಪಾಠಗಳಿವೆ. ಉದ್ದಕ್ಕೂ ಹಾಲಿನ ಉದಾಹರಣೆ ಇಟ್ಟುಕೊಳ್ಳುತ್ತೇನೆ. ನಿಮ್ಮ ಕೆಲಸಕ್ಕೆ ಅದನ್ನು ಹೊಂದಿಸಿಕೊಳ್ಳುವುದು ಕಷ್ಟವಾಗಲಾರದು.

ಮೊದಲು ಒಂದು ನಷ್ಟದ ಕಥೆ

ನಾನು ಹಿಂದೆ ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಗೋಡೆ ತುಂಬ ಪರದೆ ಹಾಕಿಸಿದರು. ಯಾವ ದಾರಿಯ ಗಾಡಿಗೆ ಎಷ್ಟು ಖರ್ಚು, ಎಷ್ಟು ಹಾಲು, ಎಲ್ಲ ಬಣ್ಣ ಬಣ್ಣದಲ್ಲಿ ಕಾಣುತ್ತಿತ್ತು. ಒಂದು ದಾರಿ ಎರಡು ತಿಂಗಳಿಂದ ಕೆಂಪಾಗಿತ್ತು. ಗಾಡಿ ಅರ್ಧ ಖಾಲಿ ಬರುತ್ತಿತ್ತು. ಸಭೆಯಲ್ಲಿ ಹತ್ತು ನಿಮಿಷ ಮಾತಾಡಿ ಆ ದಾರಿ ನಿಲ್ಲಿಸಿದರು. ನಾನೂ ಆ ಸಭೆಯಲ್ಲಿದ್ದೆ. ಅಂಕಿ ಸರಿಯಾಗಿಯೇ ಇತ್ತು.

ಆದರೆ ಆ ಊರುಗಳ ಜನ ಪ್ರತಿ ವರ್ಷ ಕಾಫಿ ಕೊಯ್ಲಿಗೆ ಮಲೆನಾಡಿಗೆ ಹೋಗುತ್ತಾರೆ. ಮನೆಯಲ್ಲಿ ಹಿರಿಯರು ಮಾತ್ರ ಇರುತ್ತಾರೆ. ಕೆಲವರು ಹಸುವನ್ನು ನೆಂಟರ ಮನೆಯಲ್ಲಿ ಬಿಟ್ಟಿರುತ್ತಾರೆ. ಕೊಯ್ಲು ಮುಗಿದ ಮೇಲೆ ವಾಪಸ್ ಬರುತ್ತಾರೆ, ಹಾಲೂ ಬರುತ್ತದೆ. ಈ ವಿಷಯ ಗೊತ್ತಿದ್ದ ಮೇಲ್ವಿಚಾರಕರು ಹಿಂದಿನ ವರ್ಷ ನಿವೃತ್ತರಾಗಿದ್ದರು. ಅವರು ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಜನ ವಾಪಸ್ ಬಂದಾಗ ನಮ್ಮ ಗಾಡಿ ಇರಲಿಲ್ಲ. ಖಾಸಗಿಯವರ ಗಾಡಿ ಬಂದಿತ್ತು. ಆ ಹಾಲು ಮತ್ತೆ ನಮಗೆ ಪೂರ್ತಿ ಸಿಗಲಿಲ್ಲ.

ನನಗೆ ಇದರಲ್ಲಿ ಬೇಸರ ತಂದಿದ್ದು ನಷ್ಟಕ್ಕಿಂತ ಜಾಸ್ತಿ ಇನ್ನೊಂದು ಸಂಗತಿ. ಕಾರಣ ಗೊತ್ತಿದ್ದ ಮನುಷ್ಯ ಮೂವತ್ತು ವರ್ಷ ನಮ್ಮ ಜೊತೆಗೇ ಇದ್ದರು. ಜ್ಞಾನ ನಿರ್ವಹಣೆ ಅನ್ನುವ ದೊಡ್ಡ ಹೆಸರಿನ ಕೆಲಸ ಶುರುವಾಗುವುದೇ ಇಲ್ಲಿ. ಏನಾಯಿತು ಎಂಬುದು ಯಂತ್ರದಲ್ಲಿದೆ. ಯಾಕಾಯಿತು ಎಂಬುದು ಜನರ ತಲೆಯಲ್ಲಿದೆ. ಎರಡನ್ನೂ ಒಂದೇ ಕಡೆ ಸೇರಿಸಿ ಇಡುವುದು ಮುಖ್ಯಸ್ಥರ ಹೊಣೆ. ಐಟಿ ವಿಭಾಗಕ್ಕೆ ವಹಿಸಿ ಕೈತೊಳೆದುಕೊಂಡರೆ ಅದು ಆಗುವುದಿಲ್ಲ.

ಹಂತ 1: ಮಾಹಿತಿಗಿಂತ ಮೊದಲು ತೀರ್ಮಾನ ಆರಿಸಿ

‘ನಮ್ಮ ಹತ್ತಿರ ಇಷ್ಟೊಂದು ಡೇಟಾ ಇದೆ, ಏನಾದರೂ ಮಾಡಿ’ ಅಂತ ಹೇಳಬೇಡಿ. ಮುಂದಿನ ಆರು ತಿಂಗಳಲ್ಲಿ ನೀವು ತೆಗೆದುಕೊಳ್ಳಲೇಬೇಕಾದ ಮೂರು ತೀರ್ಮಾನ ಬರೆಯಿರಿ. ಉದಾಹರಣೆಗೆ, ಯಾವ ಸಂಘಗಳಿಗೆ ಹೊಸ ಶೀತಲ ಘಟಕ ಕೊಡಬೇಕು? ಯಾವ ಊರಿಗೆ ಪಶುವೈದ್ಯರನ್ನು ಜಾಸ್ತಿ ಕಳಿಸಬೇಕು? ಹಾಲು ಹಾಕುವುದನ್ನು ಬಿಡುತ್ತಿರುವವರನ್ನು ಹೇಗೆ ಉಳಿಸಿಕೊಳ್ಳಬೇಕು?

ಪ್ರತಿ ಪ್ರಶ್ನೆಗೂ ಒಂದು ಪರೀಕ್ಷೆ ಮಾಡಿ. ಉತ್ತರ ಹೀಗೆ ಬಂದರೆ ಏನು ಮಾಡುತ್ತೇವೆ? ಹಾಗೆ ಬಂದರೆ ಏನು ಮಾಡುತ್ತೇವೆ? ಎರಡಕ್ಕೂ ಒಂದೇ ಕೆಲಸ ಮಾಡುವುದಾದರೆ ಆ ಪ್ರಶ್ನೆ ಬಿಟ್ಟುಬಿಡಿ. ಸುಮ್ನೆ ತಿಳಿದುಕೊಳ್ಳುವ ಆಸೆಗೆ ಹಣ ಸುರಿಯುವುದು ಬೇಡ. ಮೂರರಲ್ಲಿ ಒಂದನ್ನು ಆರಿಸಿ, ಅದರಿಂದ ಶುರುಮಾಡಿ.

ಹಂತ 2: ಯಾವುದು ಎಲ್ಲಿದೆ, ಯಾರಿಗೆ ಗೊತ್ತು

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮಾಹಿತಿ ಇರುವ ಜಾಗ: ಕಂಪ್ಯೂಟರ್, ರಿಜಿಸ್ಟರ್, ಬಟವಾಡೆ ಪಟ್ಟಿ, ವಾಟ್ಸ್‌ಆ್ಯಪ್ ಗುಂಪು. ಬಲಕ್ಕೆ ಅದನ್ನು ಓದಿ ಅರ್ಥ ಹೇಳಬಲ್ಲ ಮನುಷ್ಯನ ಹೆಸರು. ಹೆಸರಿನ ಮುಂದೆ ಅವರು ನಿವೃತ್ತರಾಗುವ ವರ್ಷ ಹಾಕಿ.

ಈ ಹಾಳೆ ತುಂಬಿದಾಗ ಎರಡು ಸಂಗತಿ ಕಣ್ಣಿಗೆ ಹೊಡೆಯುತ್ತವೆ. ಕೆಲವು ಮಾಹಿತಿಯ ಮುಂದೆ ಯಾರ ಹೆಸರೂ ಇರುವುದಿಲ್ಲ. ಹಾಗೇ ನಾಲ್ಕೈದು ಕಡೆ ಒಬ್ಬರದೇ ಹೆಸರು ಇರುತ್ತದೆ. ಆ ಒಬ್ಬರು ರಜೆ ಹಾಕಿದರೆ ಕೆಲಸ ನಿಲ್ಲುತ್ತದೆ ಅಂತ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ? ಅವರ ಹೆಸರಿಗೆ ಸುತ್ತು ಹಾಕಿ. ನಾಲ್ಕನೇ ಹಂತದಲ್ಲಿ ಅವರೇ ಬೇಕು.

ಹಂತ 3: ಹೆಸರು, ನಂಬರು, ಫಾಂಟು

ಇದು ಬೇಸರದ ಕೆಲಸ. ಆದರೆ ನಮ್ಮಲ್ಲಿ ಜಾಸ್ತಿ ಯೋಜನೆಗಳು ಮುಗ್ಗರಿಸುವುದು ಇಲ್ಲೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದೇ ಹೆಂಗಸು ಹಾಲಿನ ಪುಸ್ತಕದಲ್ಲಿ ‘ಲಕ್ಷ್ಮಮ್ಮ’. ಬ್ಯಾಂಕಿನಲ್ಲಿ ‘ಲಕ್ಷ್ಮೀದೇವಮ್ಮ’. ವಿಮೆ ಪಟ್ಟಿಯಲ್ಲಿ ‘ಲಕ್ಷಮ್ಮ ಕೋಂ ನಿಂಗಪ್ಪ’. ಅದೇ ಊರಿನಲ್ಲಿ ಇನ್ನೂ ಆರು ಜನ ಲಕ್ಷ್ಮಮ್ಮ ಇದ್ದಾರೆ. ಕಂಪ್ಯೂಟರ್ ಒಬ್ಬರನ್ನು ಮೂವರು ಅಂತ ಎಣಿಸುತ್ತದೆ, ಇಲ್ಲವೇ ಇಬ್ಬರನ್ನು ಒಬ್ಬರು ಅಂದುಕೊಳ್ಳುತ್ತದೆ. ಆಮೇಲೆ ಎಷ್ಟು ದೊಡ್ಡ ವಿಶ್ಲೇಷಣೆ ಮಾಡಿದರೂ ಅದು ತಪ್ಪಿನ ಮೇಲೆ ಕಟ್ಟಿದ ಮನೆ. ಆದ್ದರಿಂದ ಪ್ರತಿ ಸದಸ್ಯರಿಗೂ ಒಂದೇ ನಂಬರು ಇರಲಿ, ಎಲ್ಲ ಪಟ್ಟಿಯಲ್ಲೂ ಅದೇ ಇರಲಿ. ರೈತರನ್ನು ನೋಂದಾಯಿಸುವ ಸರ್ಕಾರದ ‘ಫ್ರೂಟ್ಸ್’ ವ್ಯವಸ್ಥೆ ಪ್ರತಿ ರೈತರಿಗೂ ಎಫ್‌ಐಡಿ ಎಂಬ ಗುರುತಿನ ನಂಬರು ಕೊಡುವುದು ಇದೇ ಕಾರಣಕ್ಕೆ. ಹಳೇ ಪಟ್ಟಿಗಳನ್ನು ಹೊಂದಿಸಲು ಊರಿನವರನ್ನೇ ಕೂರಿಸಿ. ಯಾವ ಲಕ್ಷ್ಮಮ್ಮ ಯಾರು ಎಂದು ಸಂಘದ ಕಾರ್ಯದರ್ಶಿ ಒಂದು ಮಧ್ಯಾಹ್ನದಲ್ಲಿ ಹೇಳಿಬಿಡುತ್ತಾರೆ.

ಇನ್ನು ಫಾಂಟಿನ ವಿಷಯ. ಹದಿನೈದು ಇಪ್ಪತ್ತು ವರ್ಷದ ಹಿಂದಿನ ನಡಾವಳಿ, ವರದಿ, ಸುತ್ತೋಲೆಗಳು ನಿಮ್ಮ ಕಂಪ್ಯೂಟರಿನಲ್ಲಿ ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಇರುತ್ತವೆ. ಕಣ್ಣಿಗೆ ಕನ್ನಡ ಕಾಣುತ್ತದೆ. ಆದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಮೇಲೆ ಕನ್ನಡದ ರೂಪ ಹೊದಿಸಿರುತ್ತಾರೆ ಅಷ್ಟೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಅಕ್ಷರಗಳು ಬರುತ್ತವೆ. ‘ಕಾಲುಬಾಯಿ’ ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ. ನಿಮ್ಮ ಸಂಸ್ಥೆಯ ಅರ್ಧ ನೆನಪು ಹೀಗೆ ಬೀಗ ಹಾಕಿಕೊಂಡಿದೆ.

ಪರಿಹಾರ ಇದೆ. ಹಳೇ ಫಾಂಟಿನಿಂದ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರೂ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಅಕ್ಷರ ಪದ್ಧತಿಗೆ, ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಒಂದು ಮಾತು: ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಕೆಲವೊಮ್ಮೆ ಕೆಡುತ್ತವೆ. ಮೊದಲು ಹತ್ತು ಪುಟ ಬದಲಿಸಿ, ಮೂಲದ ಜೊತೆ ಇಟ್ಟು ಓದಿಸಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ. ಮೂಲ ಕಡತವನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಇನ್ನು ಮುಂದೆ ಎಲ್ಲ ಬರಹವೂ ಯೂನಿಕೋಡ್‌ನಲ್ಲೇ ಅಂತ ಇವತ್ತೇ ಆದೇಶ ಮಾಡಿ.

ಆದೇಶ ಮಾಡಿದ ಮೇಲೆ ಹಳೇ ದಾರಿ ಮುಚ್ಚಬೇಕು. ಇದಕ್ಕೆ ನಮ್ಮದೇ ದೊಡ್ಡ ಉದಾಹರಣೆ ಇದೆ. 2000ದ ಹೊತ್ತಿಗೆ ಕರ್ನಾಟಕ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅದು ಗೆದ್ದದ್ದು ಕಂಪ್ಯೂಟರ್ ತಂದದ್ದರಿಂದ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಕೈಬರಹದ ಪಹಣಿಗೆ ಇನ್ನು ಬೆಲೆ ಇಲ್ಲ ಎಂದು ಸರ್ಕಾರ ಗಟ್ಟಿಯಾಗಿ ಹೇಳಿತು. ಎರಡೂ ಕಡೆ ಲೆಕ್ಕ ಇಡಬಹುದು ಅಂತ ಬಿಟ್ಟಿದ್ದರೆ ಜನ ಹಳೆಯದಕ್ಕೇ ಹೋಗುತ್ತಿದ್ದರು. ಅಂಥ ತೀರ್ಮಾನ ಯಾವ ತಂತ್ರಜ್ಞನ ಕೈಯಲ್ಲೂ ಇರುವುದಿಲ್ಲ. ಮೇಲೆ ಕೂತವರೇ ಮಾಡಬೇಕು.

ಹಂತ 4: ಅಂಕಿಯ ಪಕ್ಕ ಕಾರಣ ಬರೆಸಿ

ಎಲ್ಲಕ್ಕಿಂತ ಮುಖ್ಯ ಇದು. ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಹಾಲು ಒಂದು ವಾರ ಇಳಿಯಿತು ಅನ್ನಿ. ಅದಕ್ಕೆ ಎಷ್ಟು ಕಾರಣ ಇರಬಹುದು ನೋಡಿ. ಹಸು ಬತ್ತಿರಬಹುದು, ಇನ್ನೆರಡು ತಿಂಗಳಲ್ಲಿ ಕರು ಹಾಕಿ ಮತ್ತೆ ಹಾಲು ಬರುತ್ತದೆ. ಕೆಚ್ಚಲು ಬಾವು ಆಗಿರಬಹುದು. 2022ರಲ್ಲಿ ಬಂದಂತೆ ಚರ್ಮಗಂಟು ರೋಗ ಬಂದಿರಬಹುದು. ಊರಲ್ಲಿ ಜಾತ್ರೆ ಇದ್ದು ಮನೆಗೇ ಹಾಲು ಇಟ್ಟುಕೊಂಡಿರಬಹುದು. ಹಿಂಡಿಯ ಬೆಲೆ ಏರಿ ಹಸುವನ್ನೇ ಮಾರಿರಬಹುದು. ಬಟವಾಡೆ ತಡವಾಗಿ ಸಿಟ್ಟಿನಿಂದ ಖಾಸಗಿಯವರಿಗೆ ಹಾಕುತ್ತಿರಬಹುದು. ಪರದೆಯ ಮೇಲೆ ಇವೆಲ್ಲ ಒಂದೇ ರೀತಿ ಕಾಣುತ್ತವೆ: ಕೆಳಗಿಳಿದ ಒಂದು ಗೆರೆ. ಆದರೆ ಒಂದೊಂದಕ್ಕೂ ನೀವು ಮಾಡಬೇಕಾದ ಕೆಲಸ ಬೇರೆ. ಮೊದಲನೆಯದಕ್ಕೆ ಸುಮ್ಮನಿರಬೇಕು. ಎರಡನೆಯದಕ್ಕೆ ಡಾಕ್ಟರು ಬೇಕು. ಕೊನೆಯದಕ್ಕೆ ನೀವೇ ಹೋಗಿ ಕ್ಷಮೆ ಕೇಳಬೇಕು.

ಫ್ಯಾಟ್ ವಿಷಯವೂ ಹಾಗೇ. ಮಳೆ ಬಿದ್ದು ಎಳೇ ಹುಲ್ಲು ಚಿಗುರಿದಾಗ ಫ್ಯಾಟ್ ಇಳಿಯುತ್ತದೆ. ಬೇಸಿಗೆಯ ಬಿಸಿಲಿಗೆ, ಮೇವು ಕಡಿಮೆಯಾದಾಗ ಎಸ್‌ಎನ್‌ಎಫ್ ಇಳಿಯುತ್ತದೆ. ಹಸು ಸಾಕಿದವರಿಗೆ ಇದು ಗೊತ್ತು. ಊರಾಚೆ ಕೂತು ಪರದೆ ನೋಡುವವರು ‘ನೀರು ಬೆರೆಸಿದ್ದಾರೆ’ ಅಂತ ಅನುಮಾನಪಟ್ಟರೆ ಒಂದು ಸಂಸಾರದ ಮರ್ಯಾದೆ ಹೋಗುತ್ತದೆ.

ಹಾಗಾದರೆ ಕಾರಣ ಬರೆಸುವುದು ಹೇಗೆ? ಎಂಟು ಹತ್ತು ಕಾರಣಗಳ ಪಟ್ಟಿ ಮಾಡಿ, ಒಂದೊಂದಕ್ಕೆ ಒಂದು ಅಂಕಿ ಕೊಡಿ. ಬತ್ತಿದೆ 1, ರೋಗ 2, ಹಬ್ಬ ಜಾತ್ರೆ 3, ಮಾರಿದ್ದಾರೆ 4, ಬೇರೆಯವರಿಗೆ ಹಾಕುತ್ತಾರೆ 5, ಹೀಗೆ. ಒಬ್ಬರು ಮೂರು ದಿನ ಹಾಲು ಹಾಕದಿದ್ದರೆ ಕಾರ್ಯದರ್ಶಿ ಆ ಅಂಕಿ ಒತ್ತಬೇಕು. ಅರ್ಧ ನಿಮಿಷದ ಕೆಲಸ. ಪಟ್ಟಿಯನ್ನು ನೀವು ಆಫೀಸಿನಲ್ಲಿ ಕೂತು ಬರೆಯಬೇಡಿ, ಕಾರ್ಯದರ್ಶಿಗಳ ಮಾತಿನಲ್ಲೇ ಬರೆಸಿ. ‘ಇತರೆ’ ಎಂಬ ಕಾರಣವೂ ಇರಲಿ, ಆದರೆ ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ನೋಡಿ. ಹೊಸ ತೊಂದರೆ ಮೊದಲು ಕಾಣಿಸಿಕೊಳ್ಳುವುದು ಅಲ್ಲೇ.

ಎಲ್ಲವನ್ನೂ ಅಂಕಿಯಲ್ಲಿ ಹಿಡಿಯಲು ಆಗುವುದಿಲ್ಲ. ಕೈಗೆ, ಕಣ್ಣಿಗೆ ಗೊತ್ತಿದ್ದು ಬಾಯಿಗೆ ಬಾರದ ತಿಳಿವಳಿಕೆ ಇರುತ್ತದೆ. ಹಸುವಿನ ನಡಿಗೆ ನೋಡಿ ಜ್ವರ ಅನ್ನುವವರಿದ್ದಾರೆ. ಹೇಗೆ ಅಂತ ಕೇಳಿದರೆ ‘ಗೊತ್ತಾಗುತ್ತೆ ಬಿಡಿ’ ಅನ್ನುತ್ತಾರೆ. ಜಪಾನಿನ ವಿದ್ವಾಂಸ ಇಕುಜಿರೊ ನೊನಾಕಾ ಇದರ ಬಗ್ಗೆಯೇ ಬದುಕಿಡೀ ಕೆಲಸ ಮಾಡಿದರು. ಅವರು ಹೇಳಿದ ಒಂದು ಪ್ರಸಂಗ ನನಗೆ ಬಹಳ ಇಷ್ಟ. 1985ರಲ್ಲಿ ಒಸಾಕಾದ ಮತ್ಸುಶಿತಾ ಕಂಪನಿ ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರ ತಯಾರಿಸುತ್ತಿತ್ತು. ಹಿಟ್ಟು ಸರಿಯಾಗಿ ನಾದುತ್ತಿರಲಿಲ್ಲ. ಎಕ್ಸ್‌ರೇ ತೆಗೆದು ಹೋಲಿಸಿದರೂ ಕಾರಣ ಸಿಗಲಿಲ್ಲ. ಕೊನೆಗೆ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ತಯಾರಕಿ ಒಳ್ಳೇ ಬ್ರೆಡ್‌ಗೆ ಹೆಸರಾದ ಒಂದು ಹೋಟೆಲಿಗೆ ಹೋಗಿ, ಅಲ್ಲಿನ ಮುಖ್ಯ ಬೇಕರ್ ಹತ್ತಿರ ಕಲಿಯಲು ನಿಂತರು. ಬೇಕರ್ ಹಿಟ್ಟನ್ನು ಎಳೆಯುವಾಗ ತಿರುಚುತ್ತಾರೆ ಅಂತ ತನಾಕಾಗೆ ಕಂಡಿತು. ಆಮೇಲೆ ಯಂತ್ರದ ಒಳಗೆ ಏಣುಗಳನ್ನು ಕೂರಿಸಿ ಅದೇ ತಿರುಚುವಿಕೆ ತಂದರು.

ನೀವು ಮಾಡಬೇಕಾದ್ದೂ ಅದನ್ನೇ. ಎರಡನೇ ಹಂತದಲ್ಲಿ ಸುತ್ತು ಹಾಕಿದ ಹೆಸರುಗಳಿವೆಯಲ್ಲ, ಅವರ ಜೊತೆ ಒಬ್ಬ ಚಿಕ್ಕ ವಯಸ್ಸಿನ ನೌಕರನನ್ನು ಮೂರು ತಿಂಗಳು ಓಡಾಡಲು ಬಿಡಿ. ನಿವೃತ್ತಿಯ ದಿನ ಹಾರ ಹಾಕಿ ‘ನಿಮ್ಮ ಅನುಭವ ಬರೆದುಕೊಡಿ’ ಅಂದರೆ ಏನೂ ಬರುವುದಿಲ್ಲ. ಎರಡು ವರ್ಷ ಮೊದಲೇ ಶುರುಮಾಡಬೇಕು. ಬರೆಯಲು ಹಿಂಜರಿಯುವವರು ಮಾತಾಡಲಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಕನ್ನಡದ ಮಾತನ್ನು ಬರಹಕ್ಕೆ ಇಳಿಸುವ ಸಾಧನಗಳು ಈಗ ಇವೆ, ಕೇಂದ್ರ ಸರ್ಕಾರದ ‘ಭಾಷಿಣಿ’ಯೂ ಅದರಲ್ಲಿ ಒಂದು. ಊರಿನ ಆಡುಮಾತಿಗೆ ಅವು ಇನ್ನೂ ತಡವರಿಸುತ್ತವೆ, ಹಾಗಾಗಿ ತಿದ್ದಲು ಒಬ್ಬರು ಬೇಕು.

ಕೇಳುವಾಗ ‘ನಿಮ್ಮ ಅನುಭವ ಹೇಳಿ’ ಅನ್ನಬೇಡಿ. ‘ಹೋದ ಬೇಸಿಗೆಯಲ್ಲಿ ಆ ಊರಿನ ಹಾಲು ಒಡೆಯಿತಲ್ಲ, ನಿಮಗೆ ಮೊದಲು ಯಾವುದರಿಂದ ಅನುಮಾನ ಬಂತು?’ ಅಂತ ಕೇಳಿ. ಒಂದು ನಿಜವಾದ ದಿನ ಹಿಡಿದು ಕೇಳಿದರೆ ಮಾತು ತಾನಾಗಿ ಬರುತ್ತದೆ.

ಹಂತ 5: ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿ

ಅಮೆರಿಕದ ಬಾಸ್ಟನ್ ನಗರ ‘ಸ್ಟ್ರೀಟ್ ಬಂಪ್’ ಎಂಬ ಆ್ಯಪ್ ತಂದಿತ್ತು. ಕಾರು ಗುಂಡಿಗೆ ಇಳಿದಾಗ ಮೊಬೈಲ್ ಕುಲುಕುತ್ತದೆ, ಆ್ಯಪ್ ಅದನ್ನು ಗುರುತಿಸಿ ನಗರಸಭೆಗೆ ಕಳಿಸುತ್ತದೆ. ಜಾಣತನದ ಯೋಚನೆ. ಆದರೆ ಸ್ಮಾರ್ಟ್‌ಫೋನ್ ಕಡಿಮೆ ಇರುವ ಬಡವರ, ವಯಸ್ಸಾದವರ ಬೀದಿಗಳಿಂದ ಸುದ್ದಿ ಕಡಿಮೆ ಬರುವ ಅಪಾಯ ಇತ್ತು. ಆ್ಯಪ್ ಒಂದನ್ನೇ ನಂಬಿದರೆ ಅಲ್ಲಿ ಗುಂಡಿಯೇ ಇಲ್ಲ ಅನ್ನಿಸಿಬಿಡುತ್ತದೆ.

ನಿಮ್ಮಲ್ಲೂ ನೋಡಿ. ಹಾಲು ಹಾಕುವುದನ್ನು ಬಿಟ್ಟವರ ಸಾಲು ಯಂತ್ರದಲ್ಲಿ ಹುಟ್ಟುವುದೇ ಇಲ್ಲ. ಸದಸ್ಯತ್ವ ಗಂಡನ ಹೆಸರಿನಲ್ಲಿ, ಹಸು ನೋಡಿಕೊಳ್ಳುವುದು ಹೆಂಡತಿ. ಮೇವಿನ ತರಬೇತಿಗೆ ಪಟ್ಟಿ ನೋಡಿ ಕರೆದರೆ ಗಂಡ ಬರುತ್ತಾನೆ. ವರ್ಷಕ್ಕೆ ಎರಡು ಸಲವಾದರೂ ಬಿಟ್ಟುಹೋದವರ ಮನೆಗೆ ಹೋಗಿ. ಹತ್ತು ಮನೆ ಸಾಕು.

ಹಂತ 6: ಅಂಕಿಯನ್ನು ಬೆತ್ತ ಮಾಡಬೇಡಿ

ಮೇಲ್ವಿಚಾರಕರು ತಿಂಗಳಿಗೆ 40 ಭೇಟಿ ಮಾಡಲೇಬೇಕು, ಇಲ್ಲದಿದ್ದರೆ ಸಂಬಳ ಕಡಿತ ಅಂತ ಹೇಳಿ ನೋಡಿ. 40 ಭೇಟಿ ದಾಖಲಾಗುತ್ತದೆ. ಗಾಡಿಯಿಂದ ಇಳಿಯದೆ ಸಹಿ ಹಾಕಿಸಿಕೊಂಡು ಹೋದದ್ದೂ ಭೇಟಿಯೇ. ಒಂದು ಅಳತೆಯನ್ನೇ ಗುರಿ ಮಾಡಿದರೆ ಅದು ಒಳ್ಳೇ ಅಳತೆಯಾಗಿ ಉಳಿಯುವುದಿಲ್ಲ ಎಂಬ ಈ ಮಾತಿಗೆ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರು ಅಂಟಿಕೊಂಡಿದೆ. ಕಾರಣದ ಪಟ್ಟಿಗೂ ಇದೇ ಗತಿ ಬರಬಹುದು. ‘5, ಬೇರೆಯವರಿಗೆ ಹಾಕುತ್ತಾರೆ’ ಅಂತ ಒತ್ತಿದ ಕಾರ್ಯದರ್ಶಿಗೆ ನೋಟಿಸ್ ಕೊಟ್ಟರೆ, ಮುಂದಿನ ತಿಂಗಳಿಂದ ಎಲ್ಲ ಹಸುಗಳೂ ‘ಬತ್ತಿರುತ್ತವೆ’. ಕೆಟ್ಟ ಸುದ್ದಿ ತಂದವರಿಗೆ ಸಭೆಯಲ್ಲಿ ಎಲ್ಲರ ಎದುರು ಥ್ಯಾಂಕ್ಸ್ ಹೇಳಿ. ಇದು ಮುಖ್ಯಸ್ಥರ ಬಾಯಿಂದಲೇ ಬರಬೇಕು.

ಹಂತ 7: ಜನರ ಮಾಹಿತಿ ಜನರದ್ದು

ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಯಾಗುತ್ತಿವೆ. ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸದಸ್ಯರ ಆಧಾರ್, ಬ್ಯಾಂಕ್ ಖಾತೆ ಇರುವ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಇವತ್ತೇ ನಿಲ್ಲಿಸಿ. ಯಾಕೆ ಕೇಳುತ್ತಿದ್ದೇವೆ, ಯಾರು ನೋಡುತ್ತಾರೆ ಎಂದು ಅವರಿಗೆ ಕನ್ನಡದಲ್ಲಿ ಹೇಳಿ. ಬೇಡದ ಮಾಹಿತಿ ಕೇಳಲೇಬೇಡಿ. ಇನ್ನೊಂದು ವಿಷಯ ಕಾಯ್ದೆಯಲ್ಲಿ ಇರಲಿ ಬಿಡಲಿ, ನನಗೆ ಮುಖ್ಯ: ಮಾಹಿತಿ ಕೊಟ್ಟವರಿಗೆ ಅದರಿಂದ ಏನಾದರೂ ವಾಪಸ್ ಸಿಗಬೇಕು. ‘ನಿಮ್ಮ ಹಸುವಿನ ಎಸ್‌ಎನ್‌ಎಫ್ ಮೂರು ವಾರದಿಂದ ಇಳಿಯುತ್ತಿದೆ, ಖನಿಜ ಮಿಶ್ರಣ ಕೊಡಿ, ಡಾಕ್ಟರಿಗೆ ತೋರಿಸಿ’ ಎಂಬ ಒಂದು ಸಂದೇಶ ಹೋದರೂ ಸಾಕು, ಮುಂದಿನ ಸಲ ಅವರು ಕಾರಣವನ್ನು ತಾವೇ ಬಂದು ಹೇಳುತ್ತಾರೆ.

ಹಂತ 8: ಸಾಧನ ಕೊನೆಗೆ ಕೊಳ್ಳಿ

ಮಾರಾಟದವರು ಮೊದಲ ದಿನವೇ ಬರುತ್ತಾರೆ. ಕಾಯಿಸಿ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಯುತ್ತದೆ. ಅಂದರೆ ಮೇಲೆ ಹೇಳಿದ 200 ಜನರ ಸಂಘದ ಏಳು ವರ್ಷದ ಲೆಕ್ಕ ಒಂದೇ ಹಾಳೆಯಲ್ಲಿ ಕೂರುತ್ತದೆ. ಇಡೀ ಒಕ್ಕೂಟಕ್ಕೆ ಡೇಟಾಬೇಸ್ ಬೇಕಾಗುತ್ತದೆ. ಅದಕ್ಕೂ ಪೋಸ್ಟ್‌ಗ್ರೆಸ್‌ನಂಥ ಉಚಿತ ಸಾಧನವಿದೆ. ಏನೇ ಕೊಂಡರೂ ಒಪ್ಪಂದದಲ್ಲಿ ಒಂದು ಸಾಲು ಇರಲಿ: ನಮ್ಮ ಮಾಹಿತಿಯನ್ನು ನಾವು ಕೇಳಿದಾಗ, ಬೇರೆ ಕಡೆ ತೆರೆಯಬಲ್ಲ ರೂಪದಲ್ಲಿ, ಪೂರ್ತಿಯಾಗಿ ಕೊಡಬೇಕು.

ಶುರುಮಾಡುವ ವಾರ

ಮೂರು ಸಂಘ ಆರಿಸಿ. ಒಂದು ಚೆನ್ನಾಗಿ ನಡೆಯುತ್ತಿರುವುದು, ಒಂದು ಕುಂಟುತ್ತಿರುವುದು, ಒಂದು ದೂರದ್ದು. ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಕಾರಣದ ಪಟ್ಟಿಯನ್ನು ಮೊದಲ ತಿಂಗಳು ನೋಟ್‌ಬುಕ್‌ನಲ್ಲೇ ಬರೆಸಿ, ಆ್ಯಪ್ ಆಮೇಲೆ ಆಗಲಿ. ತಿಂಗಳ ಕೊನೆಗೆ ಸಭೆ ಕರೆದಾಗ ಮೊದಲು ಕಾರಣಗಳನ್ನು ಓದಿಸಿ, ಪರದೆಯನ್ನು ಅದಾದ ಮೇಲೆ ಹಚ್ಚಿ. ಆ ಸಭೆಗೆ ಮೂರೂ ಕಾರ್ಯದರ್ಶಿಗಳು ಬರಲೇಬೇಕು. ಅವರು ಬೆಳಗಿನ ಹಾಲು ಮುಗಿಸಿ ಹೊರಡಬೇಕು, ಸಂಜೆಯ ಹಾಲಿಗೆ ವಾಪಸ್ ಇರಬೇಕು. ಹಾಗಾಗಿ ಹನ್ನೊಂದಕ್ಕೆ ಮೊದಲು ಸಭೆ ಇಡಬೇಡಿ, ಎರಡು ಗಂಟೆಯೊಳಗೆ ಊಟ ಹಾಕಿ ಕಳಿಸಿ.